ಕನ್ನಡಿ ಇಲ್ಲದ ಸ್ಕೂಟರ್

ಜನವರಿ 9

ಮಾವನಿಗೆ ಗಿರಗಿಟ್ಲೆಯ ನಮಸ್ಕಾರಗಳು.

ಮೂಗೊಂದನ್ನು ಬಿಟ್ಟರೆ ನಾನು ಪೂರ್ತಿ ಕ್ಷೇಮ. ಈ ಚಳಿಗೆ ಅದು ಕೆಟ್ಟ ನಲ್ಲಿಯ ಹಾಗೆ ಸುರಿಯುತ್ತಲೇ ಇರುತ್ತದೆ. ಈ ಕಾಲದಲ್ಲಿ ಕಾಗದ ಬರೆಯುತ್ತೀಯಲ್ಲೇ ಅಂತ ಅಮ್ಮ ನಗುತ್ತಾಳೆ. ನಾನೇನು ಮಾಡಲಿ? ಫೋನ್ ಮಾಡಿದರೆ ಅವಳ ತಮ್ಮ ಎರಡು ಸಲ "ಹಾಂ, ಹಾಂ" ಅಂದು, "ತಗೋ, ನಿಮ್ಮತ್ತೆ ಹತ್ರ ಮಾತಾಡು" ಅಂತ ದಾಟಿಸಿಬಿಡುತ್ತಾರೆ. ಅಕ್ಕನ ಮಗಳ ಮಾತೆಂದರೆ ಅಷ್ಟು ಬೇಸರವೇ ಮಾವ? ಕಾಗದವಾದರೆ ಬೇರೆ ದಾರಿಯಿಲ್ಲ, ಕೊನೆಯವರೆಗೂ ಓದಬೇಕು.

ಕೆಲಸ ಹಿಡಿಸಿದೆ. ಆಸ್ಪತ್ರೆಯೊಳಗೆ ಓಡಾಡುವ ನರ್ಸ್ ಅಲ್ಲ ಈಗ ನಾನು, ಮನೆಮನೆಗೆ ಹೋಗುವ ನರ್ಸ್. ದಿನಕ್ಕೆ ಹನ್ನೊಂದು ಮನೆ. ಗಾಯ ತೊಳೆದು ಕಟ್ಟುವುದು, ಇಂಜೆಕ್ಷನ್ ಕೊಡುವುದು, ಮಾತ್ರೆ ನುಂಗಿದ್ದೇನೆ ಅಂತ ಸುಳ್ಳು ಹೇಳುವವರ ದಿಂಬಿನ ಕೆಳಗೆ ಕೈ ಹಾಕಿ ನೋಡುವುದು. ಓಡಾಡಲು ಬಿಳಿ ಸ್ಕೂಟರ್ ಕೊಟ್ಟಿದ್ದಾರೆ, ಹಿಂದೆ ಔಷಧದ ಪೆಟ್ಟಿಗೆ. ಇಲ್ಲಿ ರಸ್ತೆಯ ಬಲಗಡೆ ಹೋಗಬೇಕು. ಮೊದಲ ವಾರ ಬಲಗೈ ಮಣಿಕಟ್ಟಿಗೆ ಬ್ಯಾಂಡೇಜ್ ಬಟ್ಟೆ ಕಟ್ಟಿಕೊಂಡು ಓಡಿಸಿದೆ, ಯಾವ ಕಡೆ ಅಂತ ಮರೆಯದಿರಲಿ ಎಂದು. ರೋಗಿಗಳೆಲ್ಲ ನನಗೇ ಏನಾಯಿತು ಅಂತ ವಿಚಾರಿಸಿದರು.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಲೈಸೆನ್ಸ್, ಅದರ ಜೊತೆಗಿನ ಇಂಟರ್‌ನ್ಯಾಷನಲ್ ಪರ್ಮಿಟ್, ಎರಡೂ ಇಲ್ಲಿ ನಡೆಯುವುದು ಆರು ತಿಂಗಳು ಮಾತ್ರ. ಜೂನ್ ಮೂವತ್ತರೊಳಗೆ ಈ ದೇಶದ ಲೈಸೆನ್ಸ್ ತೋರಿಸದಿದ್ದರೆ ಮೇಲ್ವಿಚಾರಕಿ ಸ್ಕೂಟರಿನ ಕೀ ವಾಪಸ್ ತೆಗೆದುಕೊಳ್ಳುತ್ತಾರೆ. ಸ್ಕೂಟರ್ ಇಲ್ಲದ ನರ್ಸ್ ಅವರಿಗೆ ಬೇಡ. ಗಂಟುಮೂಟೆ ಕಟ್ಟಿಕೊಂಡು ಮನೆಗೆ ಬರಬೇಕಾದೀತು. ಮೂರು ಪರೀಕ್ಷೆ: ಬರೆಯುವುದು, ಅಂಗಳದಲ್ಲಿ ಓಡಿಸುವುದು, ಕೊನೆಗೆ ರಸ್ತೆಯಲ್ಲಿ ಓಡಿಸುವುದು. ರಸ್ತೆಯದಕ್ಕೆ ಮೂರೇ ಅವಕಾಶ, ಆಮೇಲೆ ಒಂದು ವರ್ಷ ಅರ್ಜಿ ಹಾಕುವ ಹಾಗಿಲ್ಲ.

ನಮ್ಮ ಲೈಸೆನ್ಸನ್ನು ಅನುವಾದ ಮಾಡಿಸಬೇಕಿತ್ತು. ಫೋಟೋದ ಮೇಲೆ ಆಫೀಸಿನ ಸೀಲು ಸರಿಯಾಗಿ ನನ್ನ ಮೂಗಿನ ಕೆಳಗೇ ಬಿದ್ದಿದೆಯಲ್ಲ, ಅನುವಾದಕ ತುಂಬ ಹೊತ್ತು ನೋಡಿ, "ಈ ಮೀಸೆಯವರು ನಿಮಗೇನಾಗಬೇಕು?" ಅಂತ ಕೇಳಿದ.

ಹೆದರಿಕೆಯೇನಿಲ್ಲ. ನಾನು ನಿಮ್ಮ ಕೈಯಲ್ಲಿ ಕಲಿತವಳು.

ನಿಮ್ಮ ಗಿರಗಿಟ್ಲೆ


ಜನವರಿ 30

ಗಿರಗಿಟ್ಲೆಗೆ ಮಾವನ ಆಶೀರ್ವಾದ.

ಮೂರು ಪರೀಕ್ಷೆಯಂತೆ, ಮೂರು! ಚಂದ್ರನ ಮೇಲೆ ಕಳಿಸುತ್ತಾರೋ ಗಾಯಕ್ಕೆ ಬಟ್ಟೆ ಕಟ್ಟಲು ಕಳಿಸುತ್ತಾರೋ? ಇರಲಿ. ಅವರಿಗೆ ಗೊತ್ತಿಲ್ಲ ನೀನು ಯಾವ ಶಾಲೆಯ ಸರಕು ಅಂತ. ಈ ಡ್ರೈವಿಂಗ್ ಸ್ಕೂಲ್ ಬಾಗಿಲು ತೆಗೆದು ಮೂವತ್ತೊಂದು ವರ್ಷ. ಗಂಡು ಹೆಣ್ಣು ಸೇರಿ ಎರಡು ಸಾವಿರದ ಮೇಲೆ ಜನ ನನ್ನ ಅಂಗಳದಲ್ಲಿ ಸುತ್ತಿದ್ದಾರೆ. ನಿನ್ನಷ್ಟು ಸುತ್ತಿದವರು ಯಾರೂ ಇಲ್ಲ, ಅದು ಬೇರೆ ಮಾತು. ನಿಲ್ಲಿಸಲು ಬಾರದೆ ಪೆಟ್ರೋಲ್ ಮುಗಿಯುವವರೆಗೂ ಸುತ್ತಿದವಳು ನೀನೊಬ್ಬಳೇ, ಹೆಸರು ಬಂದದ್ದೂ ಅದಕ್ಕೇ. ಆದರೆ ಪರೀಕ್ಷೆಯಲ್ಲಿ ಬಿದ್ದವರು ಇವತ್ತಿನವರೆಗೆ ಒಬ್ಬರೂ ಇಲ್ಲ.

ಹೇಳಿಕೊಟ್ಟದ್ದನ್ನು ಮರೆಯಬೇಡ. ತಿರುವಿನಲ್ಲಿ ಹಾರ್ನ್ ಮಾಡು. ಹಾರ್ನ್ ಮಾಡದೆ ತಿರುಗುವುದೂ ಒಂದೇ, ಕೆಮ್ಮದೆ ಬೇರೆಯವರ ಮನೆಯೊಳಗೆ ನುಗ್ಗುವುದೂ ಒಂದೇ. ಎದುರಿನವನ ಇಂಡಿಕೇಟರ್ ನಂಬಬೇಡ, ಮುಂದಿನ ಚಕ್ರ ನೋಡು. ಹಿಂದೆ ಬರುವುದನ್ನು ಕಿವಿಯಿಂದ ನೋಡು. ಲಾರಿಯ ಸದ್ದು ಬೇರೆ, ಕಾರಿನದು ಬೇರೆ, ಕುಡಿದು ಓಡಿಸುವವನ ಬೈಕಿನದು ಇನ್ನೂ ಬೇರೆ. ಕನ್ನಡಿ ತಲೆ ಬಾಚಿಕೊಳ್ಳುವುದಕ್ಕೆ. ನಾನು ಕನ್ನಡಿ ಬಿಚ್ಚಿ ಡಬ್ಬಕ್ಕೆ ಹಾಕಿಯೇ ಕಲಿಸಿದವನು, ಯಾಕೆ ಅಂತ ನಿನಗೆ ಗೊತ್ತು. ಹಿಂದೊಮ್ಮೆ ಟೈಲರ್ ಹುಡುಗಿ ಬಿದ್ದು, ಕನ್ನಡಿಯ ಗಾಜು ಅವಳ ಅಂಗೈಗೆ ಹೊಕ್ಕು, ಆರು ತಿಂಗಳು ಸೂಜಿ ಹಿಡಿಯಲಾಗಲಿಲ್ಲ. ಆವತ್ತೇ ನಿರ್ಧಾರ ಮಾಡಿದೆ.

ಫೋನಿನ ಮಾತು ಬಿಡು. ನಮ್ಮ ಮನೆಯ ಫೋನು ಹಾಳಾಗಿದೆ, ಗೊರಗೊರ ಅನ್ನುತ್ತೆ.

ನಿನ್ನ ಮಾವ


ಫೆಬ್ರವರಿ 22

ಮಾವನಿಗೆ ನಮಸ್ಕಾರ.

ಎರಡು ಗೆದ್ದೆ!

ಬರೆಯುವ ಪರೀಕ್ಷೆಗೆ ಇನ್ನೂರ ಹದಿನಾಲ್ಕು ಪುಟದ ಪುಸ್ತಕ. ಬಸ್ಸಿಗೆ ಎಷ್ಟು ದೂರ ಬಿಡಬೇಕು, ರಸ್ತೆ ದಾಟಲು ಅಡ್ಡಗೆರೆಯ ಮೇಲೆ ಕಾಲಿಟ್ಟವರಿಗೆ ಯಾವಾಗ ನಿಲ್ಲಬೇಕು (ಯಾವಾಗಲೂ), ಕೈಗವಸು ಇಲ್ಲದೆ ಸ್ಕೂಟರ್ ಮುಟ್ಟಿದರೆ ಏನಾಗುತ್ತದೆ, ಎಲ್ಲ ಇದೆ. ಬೆಳಿಗ್ಗೆ ಹಲ್ಲುಜ್ಜುತ್ತಾ ಓದಿದೆ, ಬಟ್ಟೆ ಒಗೆಯುವ ಯಂತ್ರದ ಮುಂದೆ ಕೂತು ಓದಿದೆ. ನಲವತ್ತಕ್ಕೆ ಮೂವತ್ತೆಂಟು ಬಂತು.

ಅಂಗಳದ್ದು ಕೇಳಿ. ಕಾಲು ನೆಲಕ್ಕೆ ತಾಗಿಸದೆ ಆದಷ್ಟು ನಿಧಾನ ಹೋಗಬೇಕು. ನಮ್ಮ ಜೊತೆಗಿದ್ದವರೆಲ್ಲ ಎಂಟು ಸೆಕೆಂಡು, ಹತ್ತು ಸೆಕೆಂಡು. ನಾನು ಹೊರಟೆ ನೋಡಿ, ನೀವು ಅಂಗಳದಲ್ಲಿ "ಇನ್ನೂ ನಿಧಾನ, ಇರುವೆ ಹಿಂದೆ ಹಾಕ್ಬೇಕು ನಿನ್ನ" ಅಂತ ಕೂಗುತ್ತಿದ್ದಿರಲ್ಲ, ಅದೇ ಕಿವಿಯಲ್ಲಿತ್ತು. ಮೂವತ್ತೊಂದು ಸೆಕೆಂಡು! ಪರೀಕ್ಷಕಿ ತನ್ನ ಗಡಿಯಾರವನ್ನೇ ಕುಲುಕಿ ನೋಡಿದಳು. ಅವಳಿಗೆ ಗಂಟುಮೋರೆ ಅಂತ ಹೆಸರಿಟ್ಟಿದ್ದೇನೆ. ಎರಡು ತಿಂಗಳಲ್ಲಿ ಯಾರೂ ಅವಳ ಹಲ್ಲು ನೋಡಿಲ್ಲವಂತೆ.

ರಸ್ತೆಯ ಪರೀಕ್ಷೆ ಮಾರ್ಚ್ ಆರಕ್ಕೆ. ಗಂಟುಮೋರೆ ಕಾರಿನಲ್ಲಿ ಹಿಂದೆ ಬರುತ್ತಾಳೆ, ನನ್ನ ಹೆಲ್ಮೆಟ್ಟಿನೊಳಗೆ ಪುಟ್ಟ ರೇಡಿಯೋ ಸಿಕ್ಕಿಸಿ ಎಡಕ್ಕೆ, ಬಲಕ್ಕೆ ಅಂತ ಹೇಳುತ್ತಾಳೆ. ಗೆದ್ದ ಕೂಡಲೇ ಬರೆಯುತ್ತೇನೆ.

ಗಿರಗಿಟ್ಲೆ


ಮಾರ್ಚ್ 19

ಮಾವನಿಗೆ ನಮಸ್ಕಾರ.

ಇಲ್ಲಿ ಚಳಿ ಕಡಿಮೆಯಾಗಿದೆ. ಮೂಗು ಸುಧಾರಿಸಿದೆ. ನನ್ನ ರೋಗಿಗಳಲ್ಲಿ ಒಬ್ಬರು ನಿವೃತ್ತ ಗಡಿಯಾರ ರಿಪೇರಿಯವರು, ಅವರ ಕಾಲಿನ ಹುಣ್ಣು ಮಾಯುತ್ತಾ ಬಂದಿದೆ. ಕೆಲಸ ಬಹಳ, ಹೆಚ್ಚು ಬರೆಯಲು ಪುರುಸೊತ್ತಿಲ್ಲ. ಅತ್ತೆಗೆ ಕೇಳಿದೆನೆಂದು ಹೇಳಿ.

ಗಿರಗಿಟ್ಲೆ


ಏಪ್ರಿಲ್ 3

ಗಿರಗಿಟ್ಲೆಗೆ ಆಶೀರ್ವಾದ.

ಕಳ್ಳಿ! ಪರೀಕ್ಷೆಯ ಮಾತೇ ಇಲ್ಲ ನಿನ್ನ ಕಾಗದದಲ್ಲಿ. ನಿಮ್ಮತ್ತೆ "ಯಾಕೋ ಏನೋ" ಅಂತ ಶುರು ಮಾಡಿದಳು. ನಾನು ಹೇಳಿದೆ: "ಊಟ ಆಯ್ತು ಅಂತ ಯಾರಾದ್ರೂ ಕಾಗದ ಬರೀತಾರೇನೇ? ಅವಳಿಗೆ ಅದು ಅಷ್ಟೇ ಸುಲಭ." ಸ್ವಂತ ಬಾಯಿಂದ ಹೇಳಿಕೊಳ್ಳಬಾರದು ಅಂತ ನಿನಗೆ ಸಂಕೋಚ. ನನಗೆ ಅದೆಲ್ಲ ಇಲ್ಲ. ಪೇಂಟರನ್ನು ಕರೆಸಿ ಬೋರ್ಡಿನ ಕೆಳಗೆ ಒಂದು ಸಾಲು ಬರೆಸಿದ್ದೇನೆ, ಕೆಂಪು ಅಕ್ಷರದಲ್ಲಿ: "ನಮ್ಮಲ್ಲಿ ಕಲಿತವರು ವಿದೇಶದಲ್ಲೂ ಪಾಸ್." ಸ್ವಲ್ಪ ವಾರೆಯಾಗಿದೆ, ಆದರೆ ಬಸ್ ಸ್ಟಾಪಿನಿಂದಲೇ ಕಾಣುತ್ತೆ. ಒಂದು ವಾರದಲ್ಲಿ ಐದು ಹೊಸ ಜನ ಸೇರಿದರು. ಎಲ್ಲ ನಿನ್ನಿಂದ.

ನಿನ್ನ ಹೆಮ್ಮೆಯ ಮಾವ


ಏಪ್ರಿಲ್ 24

ಮಾವ,

ಆ ಸಾಲನ್ನು ಅಳಿಸಿಬಿಡಿ. ನಾನು ಫೇಲಾಗಿದ್ದೇನೆ. ಒಂದು ಸಲವಲ್ಲ, ಎರಡು ಸಲ.

ಮಾರ್ಚ್ ಆರರಂದು ಗಂಟುಮೋರೆ ಕೊಟ್ಟ ಹಾಳೆಯಲ್ಲಿ ಹೀಗಿತ್ತು: "ಕಾರಣವಿಲ್ಲದೆ ಹಾರ್ನ್: ಹನ್ನೆರಡು ಬಾರಿ. ಕನ್ನಡಿ ನೋಡಿದ್ದು: ಸೊನ್ನೆ." ಇಲ್ಲಿ ಹಾರ್ನ್ ಮಾಡುವುದೆಂದರೆ ಬೈದ ಹಾಗೆ ಮಾವ. ಒಂದು ತಿರುವಿನಲ್ಲಿ ಹಾರ್ನ್ ಮಾಡಿದ್ದಕ್ಕೆ ಹೂಕುಂಡಕ್ಕೆ ನೀರು ಹಾಕುತ್ತಿದ್ದ ಹೆಂಗಸು ನನ್ನಲ್ಲಿ ಕ್ಷಮೆ ಕೇಳಿದಳು, ತಾನೇನು ತಪ್ಪು ಮಾಡಿದಳೋ ಎಂದು. ನಾಚಿಕೆಯಾಗಿ ನಿಮಗೆ ಬರೆಯಲಿಲ್ಲ. ಮುಂದಿನ ಸಲ ಗೆದ್ದೇ ಬರೆಯೋಣ ಅಂದುಕೊಂಡೆ. ಅಷ್ಟರಲ್ಲಿ ನಿಮ್ಮ ಬೋರ್ಡಿನ ಕಾಗದ ಬಂತು.

ಏಪ್ರಿಲ್ ಹದಿನೈದರಂದು ಹಾರ್ನ್ ಮೇಲೆ ಬೆರಳಿಡಲಿಲ್ಲ. ಗಂಟುಮೋರೆ "ಎಡದ ಸಾಲಿಗೆ ಹೋಗು" ಅಂದಳು. ಹಿಂದೆ ಸದ್ದಿರಲಿಲ್ಲ. ನೀವು ಕಲಿಸಿದ ಹಾಗೆ ಕಿವಿಯಿಂದ ನೋಡಿದೆ, ರಸ್ತೆ ಖಾಲಿ ಅಂತ ಹೊರಳಿದೆ. ಬ್ಯಾಟರಿಯ ಕಾರು ಮಾವ. ಅದಕ್ಕೆ ಸದ್ದೇ ಇಲ್ಲ. ಮೊಣಕಾಲಿಗೆ ಅಂಗೈಯಗಲ ಜಾಗ ಬಿಟ್ಟು ನಿಂತಿತು. ಹೆಲ್ಮೆಟ್ಟಿನೊಳಗೆ ಅವಳು "ನಿಲ್ಲು!" ಅಂತ ಚೀರಿದ್ದು ಇನ್ನೂ ಕಿವಿಯಲ್ಲಿದೆ. ಕಾರಿನವನು ಕೆಳಗಿಳಿದು ನನಗೆ ನೀರು ಕೊಟ್ಟ.

ಉಳಿದದ್ದು ಒಂದೇ ಅವಕಾಶ, ಜೂನ್ ಹನ್ನೆರಡು. ಅದೂ ಹೋದರೆ ಕೆಲಸ ಹೋಯಿತು. ಎಷ್ಟು ಪ್ರಯತ್ನಪಟ್ಟರೂ ಕಣ್ಣು ಕನ್ನಡಿಗೆ ಹೋಗುವುದೇ ಇಲ್ಲ. ಕಲಿತದ್ದು ಹಾಗೆ. ನನಗೆ ಸಿಟ್ಟು ಬಂದಿದೆ ಮಾವ, ಮುಚ್ಚಿಟ್ಟು ಏನು ಪ್ರಯೋಜನ? ಗಾಜು ಚುಚ್ಚೀತು ಅಂತ ಕನ್ನಡಿ ಬಿಚ್ಚಿದಿರಿ, ಸರಿ. ಕಲಿತಾದ ಮೇಲಾದರೂ ಹಾಕಿಕೊಡಬಹುದಿತ್ತಲ್ಲ? ಎರಡು ಸಾವಿರ ಜನ ಪಾಸಾದರು ಅಂತೀರಿ. ಲೈಸೆನ್ಸ್ ಆಫೀಸಿನ ಮುಂದೆ ಎಂಟರ ಆಕಾರದಲ್ಲಿ ಒಂದು ಸುತ್ತು ಹಾಕಿದೆವು, ಸಾಹೇಬರು ತಲೆಯೆತ್ತದೆ ಸೈನ್ ಹಾಕಿದರು. ಅದು ಪರೀಕ್ಷೆಯಾ?

ಗಿರಗಿಟ್ಲೆ


ಮೇ 9

ಚಿ. ಸೊಸೆಗೆ ಆಶೀರ್ವಾದ.

ನಿನ್ನ ಪತ್ರ ತಲುಪಿತು. ಶಾಲೆಗೆ ಸುಣ್ಣ ಬಳಿಸುತ್ತಿರುವುದರಿಂದ ಸದ್ಯಕ್ಕೆ ಮುಚ್ಚಿದೆ. ನೀನು ಓದಿದವಳು, ದೊಡ್ಡ ರಸ್ತೆಗಳನ್ನು ನೋಡಿದವಳು. ನಾನು ಹೇಳಿಕೊಡುವುದು ಏನೂ ಉಳಿದಿಲ್ಲ. ಆರೋಗ್ಯ ನೋಡಿಕೋ.

ಇಂತಿ,
ನಿನ್ನ ಸೋದರಮಾವ

(ಅದೇ ಹಾಳೆಯ ಹಿಂದೆ, ಪೆನ್ಸಿಲಿನಲ್ಲಿ)

ಪುಟ್ಟಿ, ನಾನು ಅತ್ತೆ. ಕಾಗದ ಪೋಸ್ಟ್ ಮಾಡಲು ನನ್ನ ಕೈಗೆ ಕೊಟ್ಟಿದ್ದಾರೆ, ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ. ಸುಣ್ಣವೂ ಇಲ್ಲ ಮಣ್ಣೂ ಇಲ್ಲ. ಏಪ್ರಿಲ್ 26ಕ್ಕೆ ಇವರು ಸ್ಕೂಟರಿನಿಂದ ಬಿದ್ದರು. ಬಲಕ್ಕೆ ತಿರುಗುವಾಗ ಹಿಂದಿನಿಂದ ವ್ಯಾನ್ ತಗುಲಿತು. ವ್ಯಾನಿನವನು ರಸ್ತೆಯುದ್ದಕ್ಕೂ ಹಾರ್ನ್ ಹೊಡೆದನಂತೆ, ಇವರಿಗೆ ಕೇಳಿಸಲೇ ಇಲ್ಲ. ಎಡಗೈಗೆ ಪ್ಲಾಸ್ಟರ್ ಹಾಕಿದ್ದಾರೆ, ಬೇರೆ ಏನೂ ಆಗಿಲ್ಲ, ಗಾಬರಿಯಾಗಬೇಡ.

ಕಿವಿ ಎರಡು ವರ್ಷದಿಂದ ಮಂದ. ನಾನು ಅಡುಗೆಮನೆಯಿಂದ ಕೂಗಿ ಕೂಗಿ ಗಂಟಲು ಕಟ್ಟಿದೆ. "ನಿನ್ನ ದನಿ ಸಣ್ಣಗಾಗಿದೆ" ಅಂತಾರೆ. ನಮ್ಮ ಫೋನಿಗೆ ಯಾವ ರೋಗವೂ ಇಲ್ಲ. ನಿನ್ನ ಕಾಗದವನ್ನು ಎರಡು ದಿನ ಮಡಿಲಲ್ಲಿ ಇಟ್ಟುಕೊಂಡೇ ಕೂತಿದ್ದರು. ನಿನ್ನ ಮೇಲೆ ಕೋಪವಲ್ಲ, ನಾಚಿಕೆ. ಇನ್ನು ಮೇಲೆ ಯಾರಿಗೂ ಕಲಿಸಲ್ಲ ಅಂತ ಹಠ ಹಿಡಿದಿದ್ದಾರೆ. ನಾನು ಬರೆದೆ ಅಂತ ಗೊತ್ತಾಗಬಾರದು.


ಮೇ 20

ಮಾವನಿಗೆ ಗಿರಗಿಟ್ಲೆಯ ನಮಸ್ಕಾರಗಳು, ಜೊತೆಗೆ ಒಂದು ಬೇಡಿಕೆ.

ಹಿಂದಿನ ಕಾಗದವನ್ನು ಸೋತ ಸಿಟ್ಟಿನಲ್ಲಿ ಬರೆದೆ. ಕನ್ನಡಿಯ ವಿಷಯದಲ್ಲಿ ಬರೆದದ್ದು ನಿಜ, ಅದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. ಬರೆದ ರೀತಿ ಒರಟಾಯಿತು, ಅದಕ್ಕೆ ಕ್ಷಮಿಸಿ.

ಇಲ್ಲಿನ ತರಬೇತುದಾರನ ಹತ್ತಿರ ಎರಡು ಪಾಠ ಹೇಳಿಸಿಕೊಂಡೆ. "ಕನ್ನಡಿ ನೋಡು" ಅನ್ನುತ್ತಾನೆ. ನೋಡಬೇಕು ಅಂತ ನನಗೂ ಗೊತ್ತು. ನೋಡುವ ಹಾಗೆ ಮಾಡುವುದು ಹೇಗೆ ಅಂತ ಅವನಿಗೆ ಗೊತ್ತಿಲ್ಲ. ನಿಮಗೆ ಗೊತ್ತು. ಇರುವೆಗಿಂತ ನಿಧಾನ ಓಡಿಸುವುದನ್ನು ನೀವು ಪುಸ್ತಕ ಓದಿಸಿ ಕಲಿಸಲಿಲ್ಲ. ಅಂಗಳದಲ್ಲಿ ಗೆರೆ ಎಳೆದು, ಪಕ್ಕದಲ್ಲಿ ನಡೆದುಕೊಂಡು ಬಂದು, "ನಾನು ನಿನ್ನ ಹಿಂದೆ ಹಾಕಿದ್ರೆ ನಾನು ಗೆದ್ದೆ" ಅಂತ ಪಂದ್ಯ ಕಟ್ಟಿ ಕಲಿಸಿದಿರಿ. ಹದಿನಾಲ್ಕು ವರ್ಷವಾದರೂ ನನ್ನ ಮೈ ಅದನ್ನು ಮರೆತಿಲ್ಲ.

ನನಗೆ ಅಂಥದ್ದೇ ಒಂದು ಕಸರತ್ತು ಬೇಕು. ಡಬ್ಬದಲ್ಲಿರುವ ಕನ್ನಡಿಗಳನ್ನು ತೆಗೆದು ಸ್ಕೂಟರಿಗೆ ಸಿಕ್ಕಿಸಿ, ಸ್ಟ್ಯಾಂಡ್ ಹಾಕಿ, ಮೇಲೆ ಕೂತು ಯೋಚನೆ ಮಾಡಿ. ಕಣ್ಣು ತಾನಾಗಿ ಕನ್ನಡಿಗೆ ಹೋಗಬೇಕು, ಅದಕ್ಕೇನು ಮಾಡಬೇಕು? ನೀವೇ ಮಾಡಿ ನೋಡಿ ಆಮೇಲೆ ಬರೆಯಿರಿ. ಜೂನ್ ಹನ್ನೆರಡಕ್ಕೆ ಮುಂಚೆ ನನ್ನ ಕೈ ಸೇರಬೇಕು.

ಮೊನ್ನೆ ಮೇಲ್ವಿಚಾರಕಿ ನನ್ನ ರೋಗಿಗಳ ಪಟ್ಟಿಯನ್ನು ಇನ್ನೊಬ್ಬಳಿಗೆ ತೋರಿಸುತ್ತಿದ್ದರು, "ಜುಲೈಯಿಂದ ಬೇಕಾಗಬಹುದು" ಅಂತ. ನಾನು ಬಾಗಿಲ ಹಿಂದೆಯೇ ಇದ್ದೆ. ಅಳು ಬಂತು. ಈ ಕೆಲಸ ನನಗೆ ಬೇಕು ಮಾವ, ತುಂಬ ಬೇಕು.

ಗಿರಗಿಟ್ಲೆ


ಜೂನ್ 1

ಗಿರಗಿಟ್ಲೆಗೆ ಮಾವನ ಆಶೀರ್ವಾದ. ಇದನ್ನು ಅವಸರದ ಟಪಾಲಿಗೆ ಹಾಕುತ್ತಿದ್ದೇನೆ.

ಮೊದಲು ಒಂದು ಮಾತು. ನಿಮ್ಮತ್ತೆ ಹಾಳೆಯ ಹಿಂದೆ ಏನೋ ಗೀಚಿದ್ದಾಳೆ ಅಂತ ನನಗೆ ಗೊತ್ತಾಯಿತು. ಸುಣ್ಣ ಬಳಿದದ್ದು ಮುಗಿಯಿತೇ ಅಂತ ನೀನು ಕೇಳಲೇ ಇಲ್ಲ. ಎಲ್ಲದಕ್ಕೂ ಮೂಗು ತೂರಿಸುವವಳು ಇದೊಂದನ್ನು ಬಿಟ್ಟೆ ಎಂದರೆ ಇನ್ನೇನು? ಕೇಳಿದ್ದಕ್ಕೆ ಅವಳು "ನಂಗೇನೂ ಗೊತ್ತಿಲ್ಲಪ್ಪ" ಅಂದಳು. ಅದು ಮಾತ್ರ ನನಗೆ ಸ್ಪಷ್ಟವಾಗಿ ಕೇಳಿಸಿತು.

ಹೌದು, ಬಿದ್ದೆ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನೋಣವೆಂದರೆ ಮೀಸೆಯೂ ಮಣ್ಣಾಯಿತು. ಕಿವಿ ಹೋಗಿದೆ. ನಿನ್ನ ಫೋನು ಬಂದಾಗಲೆಲ್ಲ ಏನು ಹೇಳುತ್ತಿದ್ದೀಯೋ ತಿಳಿಯದೆ ಹಾಂ ಹಾಂ ಅನ್ನುತ್ತಿದ್ದೆ. ಬೇಸರವಲ್ಲ ಮಗಳೇ. ಕಿವಿಯಿಂದ ನೋಡು ಅಂತ ಎರಡು ಸಾವಿರ ಜನಕ್ಕೆ ಹೇಳಿದವನು, ನನಗೇ ಕೇಳಿಸುತ್ತಿಲ್ಲ ಅಂತ ಯಾವ ಬಾಯಲ್ಲಿ ಹೇಳಲಿ? ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅಂತಾರೆ, ಬೆನ್ನಿಗೆ ಬೇಕಲ್ಲ. ನಿನ್ನ ಪತ್ರ ಓದಿ ಬಹಳ ನೊಂದೆ. ಆದರೆ ನೀನು ಬರೆದದ್ದು ಸರಿ. ನಿನ್ನ ಮೊಣಕಾಲಿನ ಹತ್ತಿರ ನಿಂತ ಆ ಕಾರನ್ನು ನೆನೆದು, ಬೋರ್ಡಿನ ಆ ಸಾಲಿನ ಮೇಲೆ ಬಣ್ಣ ಬಳಿಸಿದೆ.

ಇನ್ನು ಕಸರತ್ತು. ಸ್ಕೂಟರನ್ನು ಸ್ಟ್ಯಾಂಡ್ ಹಾಕಿ, ಪ್ಲಾಸ್ಟರಿನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ನಿಮ್ಮತ್ತೆ ಹಿಂದೆ ಓಡಾಡುತ್ತಾ ಬೆರಳು ತೋರಿಸಬೇಕು, ನಾನು ಕನ್ನಡಿಯಲ್ಲಿ ನೋಡಿ ಎಷ್ಟು ಅಂತ ಕೂಗಬೇಕು. ಮೊದಲ ದಿನ ಇಪ್ಪತ್ತಕ್ಕೆ ಆರು ಸರಿ. ಎರಡನೇ ದಿನ ಅವಳಿಗೆ ಹುರುಪು ಬಂದು ಸೌಟು, ಪೊರಕೆ, ನನ್ನ ಹಳೇ ಚಪ್ಪಲಿ ಎಲ್ಲ ಎತ್ತಿ ತೋರಿಸಿದಳು. ಬೇಲಿಯಾಚೆ ಜನ ಸೇರಿದರು. ಮೂರನೇ ದಿನ ಒಂದು ವಿಷಯ ತಿಳಿಯಿತು. ಬೆನ್ನಿನ ಓರೆಗೆ ಒಂದು ಜಾಗವಿದೆ. ಅಲ್ಲಿ ನಿಂತರೆ ಯಾವ ಕನ್ನಡಿಗೂ ಕಾಣುವುದಿಲ್ಲ. ಅಷ್ಟು ದೊಡ್ಡ ಹೆಂಗಸು ಮಾಯ! ಕತ್ತು ತಿರುಗಿಸಿದರೆ ಪಕ್ಕದಲ್ಲೇ ಪೊರಕೆ ಹಿಡಿದು ನಿಂತಿದ್ದಾಳೆ. (ದೊಡ್ಡ ಹೆಂಗಸು ಅಂತ ಬರೆದದ್ದನ್ನು ಅವಳಿಗೆ ಹೇಳಬೇಡ.) ಆ ಜಾಗಕ್ಕೆ ಅತ್ತೆಯ ಜಾಗ ಅಂತ ಹೆಸರಿಡು. ಹೊರಳುವ ಮುಂಚೆ ಕತ್ತು ತಿರುಗಿಸಿ ಅತ್ತೆ ಇದ್ದಾಳಾ ನೋಡು.

ಮುಖ್ಯವಾದದ್ದು ಇದು: ಏನು ಕಂಡರೂ ಬಾಯಿಬಿಟ್ಟು ಹೇಳು. ಮನಸ್ಸಿನಲ್ಲಿ ಅಂದುಕೊಂಡರೆ ಕಣ್ಣು ಕಳ್ಳಾಟ ಆಡುತ್ತೆ. ಬಾಯಲ್ಲಿ ಹೇಳಬೇಕಾದರೆ ನೋಡಲೇಬೇಕು. ಏಳು ಉಸಿರಿಗೆ ಒಂದು ಸಲ, ಎಡಗನ್ನಡಿ, ಬಲಗನ್ನಡಿ. ರೋಗಿಗಳ ಮನೆಗೆ ಹೋಗುವಾಗೆಲ್ಲ ಮಾಡು. ಹುಚ್ಚಿ ಅಂದುಕೊಳ್ಳಲಿ, ಅವರ ಭಾಷೆಯಲ್ಲಿ ಅಂದುಕೊಳ್ಳುತ್ತಾರೆ, ನಿನಗೇನು?

ಮಾವ


ಜೂನ್ 12

ಮಾವ! ಅತ್ತೆ!

ಪಾಸ್! ಪಾಸ್! ಪಾಸ್!

ಕೂತು ಸರಿಯಾಗಿ ಬರೆಯುತ್ತೇನೆ. ನಿಮ್ಮ ಕಾಗದ ಎಂಟನೇ ತಾರೀಕಿಗೆ ಸಿಕ್ಕಿತು. ನಾಲ್ಕೇ ದಿನ. ನಾಲ್ಕು ದಿನವೂ ಬೀದಿಬೀದಿಯಲ್ಲಿ ಮಾತಾಡಿಕೊಂಡೇ ಓಡಾಡಿದೆ. ಗಡಿಯಾರದ ಅಜ್ಜನ ಮನೆಯ ಮುಂದೆ ಇಳಿದಾಗ ಅವರು, "ಯಾರ ಜೊತೆ ಜಗಳ?" ಅಂದರು.

ಇವತ್ತು ಬೆಳಿಗ್ಗೆ ಕೈಗವಸನ್ನು ಉಲ್ಟಾ ಹಾಕಿಕೊಂಡೆ. ಹೊರಟ ಮೇಲೆ ಶುರು ಮಾಡಿದೆ: "ಎಡಗನ್ನಡಿ, ಕೆಂಪು ಕಾರು. ಬಲಗನ್ನಡಿ, ಸೈಕಲ್ ಮೇಲೆ ತಾತ. ಎಡಗನ್ನಡಿ, ಕೆಂಪು ಕಾರು ಹೋಯ್ತು, ಗಂಟುಮೋರೆ ಬಂದ್ಲು." ಬಸ್ ನಿಲ್ದಾಣದ ಹತ್ತಿರ ಮತ್ತೆ ಅದೇ ಅಪ್ಪಣೆ, "ಎಡದ ಸಾಲಿಗೆ ಹೋಗು." ಕಿವಿಗೆ ಏನೂ ಇಲ್ಲ. ಎರಡು ಕನ್ನಡಿಯೂ ಖಾಲಿ. ಹೋದ ಸಲದ ನನ್ನ ಪ್ರಕಾರ ರಸ್ತೆ ನನ್ನದೇ. "ಅತ್ತೆ ಜಾಗ" ಅಂತ ಹೇಳಿ ಕತ್ತು ತಿರುಗಿಸಿದೆ. ಇತ್ತು ಮಾವ! ಸದ್ದಿಲ್ಲದ ಬಿಳಿ ವ್ಯಾನ್, ನನ್ನ ಭುಜಕ್ಕೆ ಅಂಟಿಕೊಂಡ ಹಾಗೆ. ಅದು ಹೋಗುವವರೆಗೆ ಕಾದು, ಇನ್ನೊಮ್ಮೆ ನೋಡಿ, ಹೊರಳಿದೆ.

ಮುಗಿದ ಮೇಲೆ ಗಂಟುಮೋರೆ ಕಾರಿನಿಂದಿಳಿದು ಬಂದು ನನ್ನನ್ನೇ ನೋಡುತ್ತಾ ನಿಂತಳು. ಆ ರೇಡಿಯೋದಲ್ಲಿ ನಾನು ಮಾತಾಡಿದ್ದೂ ಅವಳಿಗೆ ಕೇಳುತ್ತದೆ ಅಂತ ಯಾರು ಕಂಡರು? ಮುಕ್ಕಾಲು ಗಂಟೆ ಪೂರ್ತಿ ಕೇಳಿಸಿಕೊಂಡಿದ್ದಾಳೆ. "ದಾರಿಯುದ್ದಕ್ಕೂ ಪ್ರಾರ್ಥನೆ ಮಾಡ್ತಿದ್ರಾ?" ಅಂದಳು. "ಇಲ್ಲ, ಅದು ನಮ್ಮ ಮಾವನ ಪಾಠ" ಅಂದೆ. "ಅತ್ತೆ ಅಂದರೇನು? ಪ್ರತಿ ಸಲ ಅದನ್ನು ಹೇಳಿ ತಿರುಗಿ ನೋಡ್ತಿದ್ರಿ." ಬಿಡಿಸಿ ಹೇಳಿದೆ. ಅವಳ ಹಲ್ಲು ನೋಡಿದೆ ಮಾವ, ಎಲ್ಲ ಚೆನ್ನಾಗಿವೆ. ಮುಂದಿನ ತರಬೇತಿಯಲ್ಲಿ ಇದನ್ನು ಹೇಳಿಕೊಡಬಹುದಾ ಅಂತ ಕೇಳಿದಳು. ನಮ್ಮ ಮಾವನನ್ನು ಕೇಳಿ ಹೇಳುತ್ತೇನೆ ಅಂದಿದ್ದೇನೆ. ಏನು ಹೇಳಲಿ?

ಹಾಳೆ ಕೈಗೆ ಬಂದ ಮೇಲೆ ಹೆಲ್ಮೆಟ್ ತೆಗೆಯದೆ ಅದರೊಳಗೇ ಅತ್ತುಬಿಟ್ಟೆ. ಮೇಲ್ವಿಚಾರಕಿ ನನ್ನ ಪಟ್ಟಿಯನ್ನು ಮೇಜಿನ ಖಾನೆಗೆ ಹಾಕಿ, "ನಾಳೆ ಏಳೂವರೆಗೆ ಹೊರಡಿ" ಅಂದರು. ಅಷ್ಟು ಸಾಕಾಯಿತು ನನಗೆ.

ನಿಮ್ಮ ಗಿರಗಿಟ್ಲೆ


ಜುಲೈ 3

ಗಿರಗಿಟ್ಲೆಗೆ ಮಾವನ ಆಶೀರ್ವಾದ.

ನಿನ್ನ ಕಾಗದವನ್ನು ನಿಮ್ಮತ್ತೆ ನಾಲ್ಕು ಮನೆಗೆ ಓದಿ ಹೇಳಿದಳು. ಒಂದು ದೇಶದ ಪರೀಕ್ಷಕಿ ತನ್ನ ಹೆಸರನ್ನು ಕೇಳಿದಳು ಅಂತ ಅವಳ ಕಾಲು ನೆಲದ ಮೇಲಿಲ್ಲ. ಆ ತಾಯಿಗೆ ಹೇಳು, ಧಾರಾಳವಾಗಿ ಹೇಳಿಕೊಡಲಿ.

ಪ್ಲಾಸ್ಟರ್ ಬಿಚ್ಚಿದರು. ಕಿವಿಗೆ ಕಡಲೆಬೀಜದಷ್ಟು ದೊಡ್ಡ ಯಂತ್ರ ಹಾಕಿದ್ದಾರೆ. ಈಗ ನಿಮ್ಮತ್ತೆ ಒಳಗೊಳಗೇ ಗೊಣಗುವುದೂ ಕೇಳುತ್ತೆ. ಇಷ್ಟು ವರ್ಷ ಎಷ್ಟು ನೆಮ್ಮದಿಯಾಗಿದ್ದೆ ಅಂತ ಈಗ ಗೊತ್ತಾಗುತ್ತಿದೆ.

ಕಿವಿಯ ಡಾಕ್ಟರು ಚೀಟಿ ಕೊಟ್ಟ ಮೇಲೆ ನನ್ನ ಲೈಸೆನ್ಸಿಗೂ ಹೊಸದಾಗಿ ಪರೀಕ್ಷೆ ಆಗಬೇಕಂತೆ, ಕನ್ನಡಿ ಹಾಕಿಕೊಂಡು. ಅದಾಗುವವರೆಗೆ ಯಾರಿಗೂ ಕಲಿಸುವ ಹಾಗಿಲ್ಲ. ಕಲಿಸಲ್ಲ ಅನ್ನುವ ಹಠ ಬಿಟ್ಟಿದ್ದೇನೆ, ಬೋರ್ಡು ನೋಡಿ ಸೇರಿದ್ದ ಐದು ಜನ ಕಾಯುತ್ತಿದ್ದಾರೆ. ನಾಲ್ಕು ದಿನದ ಕೆಳಗೆ ಲೈಸೆನ್ಸ್ ಆಫೀಸಿಗೆ ಹೋದೆ. ಸಾಹೇಬ ನನ್ನ ಹತ್ತಿರವೇ ಕಲಿತವನು. ಎದ್ದು ನಿಂತ. "ಮೇಷ್ಟ್ರೇ, ನೀವು ಓಡಿಸೋದನ್ನ ನಾನು ನೋಡೋದಾ? ಕೊಡಿ, ಸೈನ್ ಹಾಕ್ತೀನಿ" ಅಂದ. ಪೆನ್ನು ಕೈಯಲ್ಲೇ ಇತ್ತು. ನಿಜ ಹೇಳುತ್ತೇನೆ, ಒಂದು ಗಳಿಗೆ ಆಸೆಯಾಯಿತು. ಆಮೇಲೆ ಆ ಬ್ಯಾಟರಿ ಕಾರು ನೆನಪಾಯಿತು. "ಹೊರಗೆ ಬಾರಯ್ಯಾ, ಕುರ್ಚಿ ಹಾಕ್ಕೊಂಡು ಕೂತು ನೋಡು" ಅಂದೆ.

ಹೊರಟೆ. ಎಡಗನ್ನಡಿ, ಕಾಂಪೌಂಡು. ಬಲಗನ್ನಡಿ, ಜವಾನ ಚಹಾ ತರುತ್ತಿದ್ದಾನೆ. ಎಡಗನ್ನಡಿ, ಬಾಗಿಲಲ್ಲಿ ಮೂರು ಜನ. ಎಷ್ಟು ಚೆನ್ನಾಗಿ ನೋಡಿದೆ ಎಂದರೆ ಮುಂದೆ ನೋಡುವುದನ್ನೇ ಮರೆತೆ. ಸುಣ್ಣದ ಗೆರೆ ದಾಟಿ, ಗೂಟ ಕೆಡವಿ, ಹೂವಿನ ಪಾತಿಯಲ್ಲಿ ನಿಂತೆ. ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಸಾಹೇಬ ತನ್ನ ಬೂಟು ನೋಡುತ್ತಾ, "ಗಾಳಿ ಜೋರಿತ್ತು ಮೇಷ್ಟ್ರೇ" ಅಂದ. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. "ಫೇಲ್ ಅಂತ ಬರಿ" ಅಂದೆ. ಅವನ ಕೈ ಬರಲಿಲ್ಲ. ಕೊನೆಗೆ ನಾನು ಅಲ್ಲೇ ನಿಂತು ಬರೆಸಿಕೊಂಡೆ.

ಸ್ಕೂಟರನ್ನು ತಳ್ಳಿಕೊಂಡೇ ಮನೆಗೆ ಬಂದೆ, ಹತ್ತಲು ಧೈರ್ಯವಾಗಲಿಲ್ಲ. ನಾಲ್ಕು ದಿನದಿಂದ ಅದು ಅಂಗಳದಲ್ಲಿ ನಿಂತಿದೆ. ಮುಂದಿನ ತಾರೀಕು ಜುಲೈ 24. ಮೂವತ್ತೊಂದು ವರ್ಷ ಎಲ್ಲರಿಗೂ "ಹೆದರಬೇಡ, ಹತ್ತು" ಅಂತ ಗದರಿಸಿದ್ದೇನೆ. ಹೆದರಿಕೆ ಆದಾಗ ಹತ್ತುವುದು ಹೇಗೆ ಅಂತ ನನಗೆ ಗೊತ್ತೇ ಇರಲಿಲ್ಲ, ಗೊತ್ತಿದ್ದವನ ಹಾಗೆ ಹೇಳುತ್ತಿದ್ದೆ.

ನೀನು ಆವತ್ತು ಇನ್ನೇನು ಆ ಕಾರಿನಡಿ ಬೀಳಲಿದ್ದವಳು, ಮರುದಿನ ಬೆಳಿಗ್ಗೆಯೇ ಸ್ಕೂಟರ್ ಹತ್ತಿ ಹನ್ನೊಂದು ಮನೆಗೆ ಹೋಗಿರಲೇಬೇಕು. ಹೇಗೆ ಹತ್ತಿದೆ? ಮೊದಲು ಯಾವ ಕಾಲು, ಆಮೇಲೆ ಏನು, ಎಲ್ಲ ಬಿಡಿಸಿ ಬರೆ. ನನಗೆ ಏನೂ ಗೊತ್ತಿಲ್ಲ ಅಂತ ತಿಳಿದು ಬರೆ.

ಮಾವ